ಬೋಲ್ಟ್ 80ಕ್ಕೇ ನಿಂತರೆ: ರೀಕಾಲ್ ಸಾಫ್ಟ್‌ವೇರಾ, ಸೆಟ್ಟಿಂಗಾ, ನಿಜವಾದ ದೋಷವಾ?

ಅಮೆರಿಕದಲ್ಲಿ 2020, 2021 ಅಥವಾ 2022ರ ಶೆವ್ರೊಲೆ ಬೋಲ್ಟ್ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿರುವವರಿಗೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಜನ ಕನ್ನಡಿಗರು ಸೇರಿದರೆ, ಹೋಳಿಗೆ ಮುಗಿಯುವ ಹೊತ್ತಿಗೆ ಕಾರಿನ ಮಾತು ಬಂದೇ ಬರುತ್ತದೆ. ದೋಷ ಕಂಡ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡುವುದಕ್ಕೆ ರೀಕಾಲ್ ಅನ್ನುತ್ತಾರೆ. ಬೋಲ್ಟ್ ಇದ್ದವರ ಗೋಳು ಹೆಚ್ಚುಕಡಿಮೆ ಒಂದೇ. "ರೀಕಾಲ್ ಅಂತ ಕರೆದು ಅದೇನೋ ಸಾಫ್ಟ್‌ವೇರ್ ಹಾಕಿದರು. ಅವತ್ತಿಂದ ಶೇಕಡಾ 80ರ ಮೇಲೆ ಚಾರ್ಜೇ ಏರುತ್ತಿಲ್ಲ. ಕಾರು ಹಾಳು ಮಾಡಿಬಿಟ್ಟರು."

ಕೆಲವರ ವಿಷಯದಲ್ಲಿ 80ಕ್ಕೆ ನಿಲ್ಲಿಸಿರುವುದು ಆ ಸಾಫ್ಟ್‌ವೇರೇ, ನಿಜ. ಇನ್ನು ಕೆಲವರ ಕಾರು ನಿಂತಿರುವುದು ಬೇರೆ ಕಾರಣಕ್ಕೆ. ಯಾವುದು ಅಂತ ಗೊತ್ತಾಗದೆ ಸರ್ವೀಸ್ ಸೆಂಟರಿಗೆ ಹೋದರೆ "ಎಲ್ಲಾ ಸರಿಯಾಗಿದೆ ಸರ್" ಅಂತ ವಾಪಸ್ ಕಳಿಸುತ್ತಾರೆ. ಅರ್ಧ ದಿನ ರಜೆ ದಂಡ.

ಮೊದಲು ಈ ಸಾಫ್ಟ್‌ವೇರ್ ಏನು ಅಂತ

ಬೋಲ್ಟ್‌ನ ದೊಡ್ಡ ಬ್ಯಾಟರಿಯಲ್ಲಿ 288 ಸೆಲ್‌ಗಳಿವೆ. ಮೂರು ಮೂರು ಸೆಲ್ ಸೇರಿ ಒಂದು ಗುಂಪು, ಒಟ್ಟು 96 ಗುಂಪು. ಸೆಲ್ ಒಳಗೆ ಚಿರೋಟಿಯ ಹಾಗೆ ಪದರದ ಮೇಲೆ ಪದರ. ಎರಡು ಪದರ ಒಂದಕ್ಕೊಂದು ತಾಗದ ಹಾಗೆ ನಡುವೆ ತೆಳ್ಳನೆಯ ಒಂದು ಹಾಳೆ ಇರುತ್ತದೆ. ಎಲ್‌ಜಿ ಕಾರ್ಖಾನೆಯಲ್ಲಿ ತಯಾರಾದ ಕೆಲವು ಸೆಲ್‌ಗಳಲ್ಲಿ ಆ ಹಾಳೆ ಮಡಚಿಕೊಂಡಿತ್ತು. ಕೆಲವದರಲ್ಲಿ ಆನೋಡ್ ಎಂಬ ಪದರದ ಪಟ್ಟಿ ಹರಿದಿತ್ತು. ಈ ಎರಡೂ ತಪ್ಪು ಒಂದೇ ಸೆಲ್‌ನಲ್ಲಿ ಸೇರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬಲು ಅಪರೂಪ. ಆದರೆ ಮನೆಯ ಗ್ಯಾರೇಜಿನಲ್ಲಿ, ರಾತ್ರಿ, ಎಲ್ಲರೂ ಮಲಗಿದ್ದಾಗ ಹತ್ತಿದರೆ ಅಪರೂಪ ಅನ್ನುವ ಮಾತಿಗೆ ಬೆಲೆ ಇಲ್ಲ.

2020ರ ನವೆಂಬರ್‌ನಲ್ಲಿ, ಬೋಲ್ಟ್ ತಯಾರಿಸುವ ಜನರಲ್ ಮೋಟಾರ್ಸ್ ಮೊದಲ ರೀಕಾಲ್ ಘೋಷಿಸಿತು. 2017ರಿಂದ 2019ರವರೆಗಿನ ಸುಮಾರು 69,000 ಕಾರು. 2021ರ ಏಪ್ರಿಲ್‌ನಲ್ಲಿ ಪರಿಹಾರ ಸಿಕ್ಕಿತು ಅಂದರು. ಆಮೇಲೆ ಆ ಪರಿಹಾರ ಮಾಡಿಸಿಕೊಂಡ ಕಾರಿಗೂ ಬೆಂಕಿ ಬಿತ್ತು. ಜುಲೈನಲ್ಲಿ ಎರಡನೇ ರೀಕಾಲ್ ಬಂತು. ಆಗಸ್ಟ್‌ನಲ್ಲಿ, ಆವರೆಗೆ ತಯಾರಾದ ಎಲ್ಲ ಬೋಲ್ಟ್‌ಗಳನ್ನೂ ಸೇರಿಸಿಬಿಟ್ಟರು, ಸುಮಾರು 1.42 ಲಕ್ಷ ಕಾರು. ಆ ದಿನಗಳ ಸಲಹೆಗಳನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ: 90ರ ಮೇಲೆ ಚಾರ್ಜ್ ಮಾಡಬೇಡಿ, 70 ಮೈಲಿಗಿಂತ ಕೆಳಗೆ ಇಳಿಸಬೇಡಿ, ಚಾರ್ಜ್ ಆದ ಮೇಲೆ ಹೊರಗೆ ನಿಲ್ಲಿಸಿ, ರಾತ್ರಿಯಿಡೀ ಒಳಗೆ ಚಾರ್ಜ್‌ಗೆ ಹಾಕಬೇಡಿ. ಬೇರೆ ಕಾರುಗಳಿಂದ 50 ಅಡಿ ದೂರ ನಿಲ್ಲಿಸಿ ಅಂತಲೂ ಹೇಳಿದ್ದರು. ಅಪಾರ್ಟ್‌ಮೆಂಟಿನಲ್ಲಿರುವವರು 50 ಅಡಿ ಎಲ್ಲಿಂದ ತರುವುದು?

ಹಳೆಯ, 2017ರಿಂದ 2019ರ ಕಾರಿನವರಿಗೆ ಕೊನೆಗೆ ಅದೃಷ್ಟ ಖುಲಾಯಿಸಿತು. ಅವರಿಗೆ ಬ್ಯಾಟರಿ ಮಾಡ್ಯೂಲುಗಳನ್ನೇ ಹೊಸದು ಹಾಕಿಕೊಟ್ಟರು. ಪೂರ್ತಿ ಚಾರ್ಜಿಗೆ 238 ಮೈಲಿ ಓಡುತ್ತಿದ್ದ ಕಾರು 259 ಮೈಲಿಯದಾಯಿತು. ಹೊಸ ಕಾರು ಕೊಂಡ 2020–22ರವರಿಗೆ 2023ರ ಜೂನ್‌ನಲ್ಲಿ ಸಿಕ್ಕಿದ್ದು ಸಾಫ್ಟ್‌ವೇರ್. ಅದು ಬ್ಯಾಟರಿಯನ್ನು 80ಕ್ಕೆ ಕಟ್ಟಿಹಾಕಿ, ಸುಮಾರು 6,200 ಮೈಲಿ, ಅಂದರೆ 10,000 ಕಿಲೋಮೀಟರ್ ಓಡುವವರೆಗೆ ಸೆಲ್‌ಗಳ ಮೇಲೆ ಕಣ್ಣಿಡುತ್ತದೆ. ಏನೂ ಎಡವಟ್ಟು ಕಾಣದಿದ್ದರೆ ತಾನಾಗಿಯೇ 100ಕ್ಕೆ ಬಿಡುತ್ತದೆ. ಎಡವಟ್ಟು ಕಂಡರೆ ಬ್ಯಾಟರಿ ಬದಲಾವಣೆ. 259 ಮೈಲಿಯ ಕಾರು ಅಷ್ಟು ದಿನ 207 ಮೈಲಿಯದು. ಕೇಳದೇ ಬಂದ ಕಟ್ಟುಪಾಡು. ಸಿಟ್ಟು ನ್ಯಾಯವಾದದ್ದೇ.

ಊರಿನಿಂದ ಕೇಳುವವರಿಗೆ ಒಂದು ಮಾತು. ಬೋಲ್ಟ್ ಭಾರತದಲ್ಲಿ ಮಾರಾಟಕ್ಕೇ ಬರಲಿಲ್ಲ. ಅಲ್ಲಿ ಇದಕ್ಕೆ ಹತ್ತಿರದ ಕಥೆ ಹ್ಯುಂಡೈ ಕೋನಾದ್ದು. 2020ರ ಡಿಸೆಂಬರ್‌ನಲ್ಲಿ 456 ಕಾರುಗಳನ್ನು ಬ್ಯಾಟರಿ ತಪಾಸಣೆಗೆ ವಾಪಸ್ ಕರೆದಿದ್ದರು. ಕೆಳಗಿನ ಪರೀಕ್ಷೆಗಳ ಅಂಕಿಗಳು ಬೋಲ್ಟ್‌ಗೆ ಮಾತ್ರ, ಕೋನಾಕ್ಕೆ ಹಾಕಿ ನೋಡಬೇಡಿ.

ಕಾಗದ ಹುಡುಕಿ, ಆಮೇಲೆ ಕಾರು ಮುಟ್ಟಿ

ಪರೀಕ್ಷೆ ಶುರುವಾಗುವುದು ಬಾನೆಟ್ಟಿನಲ್ಲಿ ಅಲ್ಲ, ಗ್ಲೋವ್ ಬಾಕ್ಸಿನಲ್ಲಿ. ಸಾಫ್ಟ್‌ವೇರ್ ಹಾಕಿದ ದಿನದ ಸರ್ವೀಸ್ ರಸೀದಿ ಬೇಕು. ಅದರಲ್ಲಿ ಎರಡು ವಿಷಯ ನೋಡಿ: ತಾರೀಖು, ಓಡೋಮೀಟರ್ ಓದು. 6,200 ಮೈಲಿಯ ಲೆಕ್ಕ ಶುರುವಾಗುವುದು ಅಲ್ಲಿಂದ. ನೀವು ಕಾರು ಕೊಂಡ ದಿನದಿಂದ ಅಲ್ಲ.

ರಸೀದಿ ಇಲ್ಲವೇ? ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿರುವ 17 ಅಕ್ಷರದ ಗುರುತು ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ (NHTSA) ತಾಣದಲ್ಲಿ ಹಾಕಿ ನೋಡಿ. ಬ್ಯಾಟರಿ ರೀಕಾಲ್ ಇನ್ನೂ ಬಾಕಿ ಇದೆ ಅಂತ ತೋರಿಸಿದರೆ ನಿಮ್ಮ ಕಾರಿಗೆ ಅಂತಿಮ ಸಾಫ್ಟ್‌ವೇರ್ ಬಿದ್ದೇ ಇಲ್ಲ. ಹಾಗಿದ್ದರೆ 6,200ರ ಲೆಕ್ಕವೂ ಶುರುವಾಗಿಲ್ಲ. 2021ರ ಕೊನೆಯಲ್ಲೇ ಒಂದು ತಾತ್ಕಾಲಿಕ ಸಾಫ್ಟ್‌ವೇರ್ ಬಂದಿತ್ತು, ಅದರ ಮಿತಿಯೂ 80ರದೇ. ಹೀಗಾಗಿ "ನನಗೆ ಆವಾಗಲೇ ಹಾಕಿದರು, ಮೂರು ವರ್ಷ ಆಯ್ತು" ಅನ್ನುವವರು ಹಳೆಯದರಲ್ಲೇ ಕುಳಿತಿರಬಹುದು.

ಇನ್ನೊಂದು ಗೊಂದಲ. 2022ರ ಡಿಸೆಂಬರ್‌ನಲ್ಲಿ ಬೋಲ್ಟ್‌ಗೆ ಬೇರೆಯದೇ ಒಂದು ರೀಕಾಲ್ ಬಂತು. ಅಪಘಾತದಲ್ಲಿ ಸೀಟ್‌ಬೆಲ್ಟ್ ಬಿಗಿಯುವ ಸಾಧನದ ಬಿಸಿ ಗಾಳಿ ತಗುಲಿ ಕಾರ್ಪೆಟ್ಟಿಗೆ ಬೆಂಕಿ ಹತ್ತಬಹುದು ಅಂತ. ಅದಕ್ಕೆ ಕಾರ್ಪೆಟ್ಟಿನ ಹತ್ತಿರ ಲೋಹದ ಹಾಳೆ ಅಂಟಿಸುತ್ತಾರೆ. "ರೀಕಾಲ್ ಆಗಿದೆ" ಅಂತ ಮಾರಿದವರು ಹೇಳಿದ್ದು ಇದರ ಬಗ್ಗೆ ಇರಬಹುದು. ರಸೀದಿಯಲ್ಲಿ ಯಾವ ಕೆಲಸ ಅಂತ ಓದಿ.

80ಕ್ಕೆ ಸರಿಯಾಗಿ ನಿಲ್ಲುತ್ತಿದ್ದರೆ

ಗುಮಾನಿ ಪಡಬೇಕಾದವರು ಮೂವರು: ಸಾಫ್ಟ್‌ವೇರ್, ನಿಮ್ಮದೇ ಸೆಟ್ಟಿಂಗ್, ಹೊರಗಿನ ಚಾರ್ಜರ್.

ಹೊರಗಿನ ಫಾಸ್ಟ್ ಚಾರ್ಜರ್ ನೋಡಿ ತೀರ್ಮಾನಕ್ಕೆ ಬರಲೇಬೇಡಿ. ಬೋಲ್ಟ್ ಅಲ್ಲಿ ಹೆಚ್ಚೆಂದರೆ 55 ಕಿಲೋವ್ಯಾಟ್ ಎಳೆಯುತ್ತದೆ. ಅರ್ಧ ತುಂಬಿದ ಮೇಲೆ ಇಳಿಯುತ್ತಾ ಹೋಗಿ, 80 ದಾಟಿದ ಮೇಲೆ ತೆವಳುತ್ತದೆ. ನಿಂತಿದೆ ಅಂದುಕೊಂಡು ಜನ ಪ್ಲಗ್ ಕಿತ್ತು ಹೊರಡುತ್ತಾರೆ. ಕೆಲವು ಕಡೆ ಚಾರ್ಜರ್ ತಾನೇ 80ಕ್ಕೆ ಕೈ ಬಿಡುತ್ತದೆ.

ಪರೀಕ್ಷೆ ಮನೆಯಲ್ಲಿ, 240 ವೋಲ್ಟಿನ ಚಾರ್ಜರಿನಲ್ಲಿ ಮಾಡಿ. ನಡುವಿನ ಪರದೆಯಲ್ಲಿ ಎನರ್ಜಿ, ಅದರೊಳಗೆ ಚಾರ್ಜಿಂಗ್, ಅಲ್ಲಿ ಟಾರ್ಗೆಟ್ ಚಾರ್ಜ್ ಲೆವೆಲ್ ಅಂತ ಒಂದು ಗೀಟು ಕಾಣುತ್ತದೆ. ಅದನ್ನು ಬೆರಳಿನಲ್ಲಿ ಬಲತುದಿಗೆ, 100ಕ್ಕೆ ಎಳೆಯಿರಿ. ಹೊರಡುವ ಸಮಯದ ಅಲಾರಂ ತರಹದ್ದೇನಾದರೂ ಇಟ್ಟಿದ್ದರೆ ತೆಗೆಯಿರಿ. ಪ್ಲಗ್ ಹಾಕಿ ಮಲಗಿ. ಬೆಳಿಗ್ಗೆ ಫೋನಿನ ಆ್ಯಪ್‌ನಲ್ಲಿ ಶೇಕಡಾ ಎಷ್ಟು ಅಂತ ನೋಡಿ. ಗೀಟು 100ರಲ್ಲಿದ್ದೂ, ಕಾರು ಚಾರ್ಜ್ ಮುಗಿಯಿತು ಅಂತ 80ರಲ್ಲಿ ಹೇಳಿದರೆ ಅದು ಸಾಫ್ಟ್‌ವೇರ್. ದೋಷವಲ್ಲ, ಅದರ ಕೆಲಸವೇ ಅದು. 6,200 ಮೈಲಿ ಆಗಿಲ್ಲದಿದ್ದರೆ ಓಡಿಸುವುದೊಂದೇ ದಾರಿ. ಬೈದುಕೊಂಡು ಓಡಿಸಿ, ಪರವಾಗಿಲ್ಲ.

83, 88, 91 ಹೀಗೆ ದಿನಕ್ಕೊಂದು ಅಂಕಿ ಬರುತ್ತಿದ್ದರೆ ಅದು ಮಿತಿಯೇ ಅಲ್ಲ, ಹೊತ್ತು ಸಾಲದೆ ನಿಂತದ್ದು. ಗೋಡೆಯ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೆ ಹಾಕುವವರಲ್ಲಿ ಇದು ಜಾಸ್ತಿ. ಬೋಲ್ಟ್ ಆ ಪ್ಲಗ್ಗಿನಲ್ಲಿ ಮೊದಲಿಂದಲೇ 8 ಆಂಪಿಯರ್‌ಗೆ ಇಳಿಸಿಟ್ಟಿರುತ್ತದೆ. ಅಂದರೆ ಗಂಟೆಗೆ ಒಂದು ಯೂನಿಟ್ ಕೂಡ ಪೂರ್ತಿ ಬರುವುದಿಲ್ಲ. ಬೆಸ್ಕಾಂ ಬಿಲ್ಲಿನಲ್ಲಿ ನೋಡುತ್ತಿದ್ದ ಅದೇ ಯೂನಿಟ್ಟು, ಕಾರಿನ ಪರದೆಯಲ್ಲಿ kWh ಅಂತ ಕಾಣುವುದು. 80ರಿಂದ 100ಕ್ಕೆ ಸುಮಾರು 13 ಯೂನಿಟ್ ಬೇಕು. 240ರ ಚಾರ್ಜರಿನಲ್ಲಿ ಎರಡು ಗಂಟೆಯ ಕೆಲಸ, ಇಲ್ಲಿ ಹದಿಮೂರು ಗಂಟೆಗೂ ಮೇಲೆ. ಪರದೆಯಲ್ಲಿ 12 ಆಂಪಿಯರ್‌ಗೆ ಏರಿಸಬಹುದು, ಆದರೆ ಹಳೆಯ ಮನೆಯ ವೈರಿಂಗ್ ಆದರೆ ಬೇಡ. ಪ್ಲಗ್ ಮುಟ್ಟಿ ನೋಡಿ, ಬಿಸಿ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಗೀಟಿನ ಕಥೆ. ಫ್ರೀಮಾಂಟ್‌ನಲ್ಲಿರುವ ನನ್ನ ಭಾಮೈದ ಒಂದು 2021ರ ಬೋಲ್ಟ್ ಸೆಕೆಂಡ್ ಹ್ಯಾಂಡ್ ಕೊಂಡ. ಆರು ತಿಂಗಳು ರೀಕಾಲಿಗೆ ಶಾಪ ಹಾಕುತ್ತಲೇ ಇದ್ದ. "ಭಾವ, 80ರ ಮೇಲೆ ಒಂದು ಚೂರೂ ಏರಲ್ಲ. ವಕೀಲರನ್ನ ಹಿಡೀತೀನಿ" ಅಂದ. ಒಂದು ಭಾನುವಾರ ಊಟಕ್ಕೆ ಹೋದಾಗ ಗ್ಯಾರೇಜಿಗೆ ಇಳಿದೆವು. ಗ್ಲೋವ್ ಬಾಕ್ಸಿನಲ್ಲಿ ಮ್ಯಾನುವಲ್ಲಿನ ನಡುವೆ ಮಡಚಿಟ್ಟ ರಸೀದಿ ಸಿಕ್ಕಿತು. ಸಾಫ್ಟ್‌ವೇರ್ ಹಾಕಿದಾಗ 21,400 ಮೈಲಿ. ಮೀಟರಿನಲ್ಲಿ ಈಗ 29,000. ಲೆಕ್ಕದ ಪ್ರಕಾರ ಮಿತಿ ಬಿಟ್ಟುಹೋಗಿ 1,400 ಮೈಲಿ ಆಗಿರಬೇಕು. ಪರದೆ ಒತ್ತಿದೆ. ಗೀಟು 80ರಲ್ಲಿ ಕುಳಿತಿತ್ತು. ಬ್ಯಾಟರಿ ಬಾಳಿಕೆ ಬರಲಿ ಅಂತ ಮೊದಲ ಮಾಲೀಕರು ಇಟ್ಟಿದ್ದಿರಬೇಕು. ಅವನು ಆ ಪರದೆಯನ್ನು ಒಂದು ಸಲವೂ ತೆಗೆದಿರಲಿಲ್ಲ. ಬಲಕ್ಕೆ ಎಳೆದೆ. ಅವನು ಏನೂ ಮಾತಾಡಲಿಲ್ಲ. "ಪಾಯಸ ಆರೋಗತ್ತೆ, ಬನ್ನಿ ಭಾವ" ಅಂದ.

6,200 ದಾಟಿದೆ, ಗೀಟೂ 100ರಲ್ಲಿದೆ, ಆದರೂ 80

ಈಗ ನಿಮ್ಮ ದೂರಿಗೆ ತೂಕ ಬಂತು. ಆದರೂ ಇನ್ನೆರಡು ಸಂಗತಿ ನೋಡಿಕೊಂಡು ಹೋಗಿ.

ಒಂದು, 12 ವೋಲ್ಟಿನ ಸಣ್ಣ ಬ್ಯಾಟರಿ. ಬಾನೆಟ್ ಎತ್ತಿದರೆ ಕಾಣುತ್ತದೆ, ಮಾಮೂಲಿ ಕಾರಿನ ಬ್ಯಾಟರಿಯ ಹಾಗೆಯೇ. ಕಾರಿನ ಕಂಪ್ಯೂಟರುಗಳೆಲ್ಲ ಎದ್ದು ಕೂರುವುದು ಇದರ ಮೇಲೆ. ಇದು ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ಎಚ್ಚರಿಕೆಗಳು ದೀಪಾವಳಿಯ ಹಾಗೆ ಹೊತ್ತಿಕೊಳ್ಳುತ್ತವೆ. ಮಲ್ಟಿಮೀಟರ್ ಹಿಡಿಯಿರಿ. ಕಾರು ರಾತ್ರಿಯಿಡೀ ಆರಿ ನಿಂತ ಮೇಲೆ 12.4ರಿಂದ 12.6 ಇರಬೇಕು. 12.2ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಬದಲಾಯಿಸಿ. ಕಾರು ಆನ್ ಮಾಡಿದಾಗ 13ರ ಮೇಲೆ ಹೋಗಬೇಕು. ಹೋಗದಿದ್ದರೆ ತಪ್ಪು ಸಣ್ಣ ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಕಡೆಯದು. ಮೂರ್ನಾಲ್ಕು ವರ್ಷ ದಾಟಿದ ಕಾರಿನಲ್ಲಿ ಈ ಬ್ಯಾಟರಿ ಸೋಲುವುದು ಸಹಜ. ರೀಕಾಲ್ ಆದ ವಾರವೇ ಸೋತರೆ ಜನ ರೀಕಾಲನ್ನೇ ಬೈಯುತ್ತಾರೆ.

ಎರಡು, ದೊಡ್ಡ ಬ್ಯಾಟರಿಯ ಸೆಲ್ ಗುಂಪುಗಳು. ಇದಕ್ಕೆ ಸ್ಟಿಯರಿಂಗ್ ಕೆಳಗಿನ ಕನೆಕ್ಟರಿಗೆ ಹಾಕುವ ಓಬಿಡಿ ರೀಡರ್ ಬೇಕು. ಬ್ಲೂಟೂತ್ ಇರುವುದು ತಗೊಂಡರೆ ಫೋನಿನಲ್ಲೇ 96 ಗುಂಪುಗಳ ವೋಲ್ಟೇಜ್ ನೋಡಬಹುದು. ಓಡಿಸಿ ಬಂದ ತಕ್ಷಣ ನೋಡಬೇಡಿ, ಒಂದೆರಡು ಗಂಟೆ ಆರಲು ಬಿಡಿ. ನೋಡಬೇಕಾದ್ದು ಎಲ್ಲಕ್ಕಿಂತ ಮೇಲಿನ ಗುಂಪಿಗೂ ಎಲ್ಲಕ್ಕಿಂತ ಕೆಳಗಿನ ಗುಂಪಿಗೂ ಇರುವ ವ್ಯತ್ಯಾಸ. ಅದು 20, 30 ಮಿಲಿವೋಲ್ಟ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇದೇ ಪರೀಕ್ಷೆಯನ್ನು ಚಾರ್ಜ್ 30ರ ಹತ್ತಿರ ಇಳಿದಾಗ ಮತ್ತೊಮ್ಮೆ ಮಾಡಿ. ಸೊರಗಿದ ಗುಂಪು ತುಂಬಿದಾಗ ಎಲ್ಲರ ಜೊತೆ ನಿಂತಿರುತ್ತದೆ, ಇಳಿದಾಗ ಹಿಂದೆ ಬೀಳುತ್ತದೆ. ಪ್ರತಿ ಸಲವೂ ಒಂದೇ ಗುಂಪು ಹಿಂದೆ ಬೀಳುತ್ತಿದ್ದರೆ ಅದರ ನಂಬರ್ ಬರೆದಿಟ್ಟುಕೊಳ್ಳಿ, ಪರದೆಯ ಫೋಟೋ ತೆಗೆದಿಡಿ. ಅದು ಸೆಟ್ಟಿಂಗಿನ ಮಾತಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ಸರ್ವೀಸಿಗೆ ಫೋನ್ ಮಾಡಿ.

ಓಡಿಸುವಾಗ "ಪ್ರೊಪಲ್ಷನ್ ಪವರ್ ಈಸ್ ರೆಡ್ಯೂಸ್ಡ್" ಅಂತ ಬಂದರೂ ಅಷ್ಟೇ. ಚಾರ್ಜ್ ತಳ ಮುಟ್ಟಿದಾಗ ಅದು ಬರುವುದು ಮಾಮೂಲಿ. ಬ್ಯಾಟರಿ ಅರ್ಧ ಇರುವಾಗ, ಎಂಜಿನ್ ಚಿತ್ರದ ದೀಪದ ಜೊತೆ ಬಂದರೆ ಮಾಮೂಲಿ ಅಲ್ಲ. 80ರ ಮಿತಿ ಆ ಸಂದೇಶ ತರುವುದಿಲ್ಲ.

ಮೈಲಿ ಶೇಕಡಾ 20ಕ್ಕಿಂತ ಜಾಸ್ತಿ ಕುಸಿದಿದ್ದರೆ

80ರ ಮಿತಿಯಿಂದ ಶೇಕಡಾ 20 ಹೋಗಬೇಕು, ಅಷ್ಟೇ. 207ರ ಬದಲು 150 ತೋರಿಸುತ್ತಿದ್ದರೆ ಉಳಿದದ್ದು ಎಲ್ಲಿ ಹೋಯಿತು?

ಡ್ಯಾಶ್‌ಬೋರ್ಡಿನ ಮೈಲಿಯನ್ನು ನಂಬಬೇಡಿ. ಅದು ನಿಮ್ಮ ಇತ್ತೀಚಿನ ಓಡಾಟ ನೋಡಿ ಮಾಡುವ ಅಂದಾಜು. ಚಳಿಯಲ್ಲಿ ಹೀಟರ್ ಹಾಕಿ ಫ್ರೀವೇಯಲ್ಲಿ 75ರಲ್ಲಿ ಹೋಗಿ ಬಂದರೆ ಮರುದಿನ ಅದು ಜಿಪುಣನ ಹಾಗೆ ಮಾತಾಡುತ್ತದೆ. ಮಿಷಿಗನ್‌ನಲ್ಲಿರುವವರು ಜನವರಿಯ ಅಂಕಿ ಹಿಡಿದು ಜಗಳಕ್ಕೆ ಹೋದರೆ ಗೆಲ್ಲುವುದಿಲ್ಲ.

ಮೈಲಿ ಬಿಟ್ಟು ಯೂನಿಟ್ ಎಣಿಸಿ. ಆ್ಯಪ್ 80 ತೋರಿಸುವಾಗ, ಎನರ್ಜಿ ಪರದೆಯಲ್ಲಿ ಎಷ್ಟು ಯೂನಿಟ್ ಖರ್ಚಾಗಿದೆ ಅಂತ ಬರೆದುಕೊಳ್ಳಿ. ನಡುವೆ ಎಲ್ಲೂ ಚಾರ್ಜ್ ಮಾಡದೆ 30ಕ್ಕೆ ಇಳಿಯುವವರೆಗೆ ಓಡಿಸಿ ಮತ್ತೆ ಬರೆದುಕೊಳ್ಳಿ. ಒಂದರಿಂದ ಒಂದು ಕಳೆಯಿರಿ. ಶೇಕಡಾ 50 ಖರ್ಚಾಗಿದೆ, ಬ್ಯಾಟರಿ ಸುಮಾರು 65 ಯೂನಿಟ್ಟಿನದು, ಹಾಗಾಗಿ 32ರ ಆಸುಪಾಸು ಬರಬೇಕು. 30 ಬಂದರೂ ಚಿಂತೆ ಇಲ್ಲ, ವಯಸ್ಸಾಗುತ್ತದೆ. 26, 27 ಬಂದರೆ ಬ್ಯಾಟರಿ ನಿಜವಾಗಿ ಕುಗ್ಗಿದೆ. ಎರಡು ಸಲ ಮಾಡಿ, ಎರಡೂ ಸಲ ಕಡಿಮೆ ಬಂದರೆ ಮಾತ್ರ ದೂರು ಕೊಡಿ. ನನಗೆ ಈ ಎಲ್ಲ ಪರೀಕ್ಷೆಗಳಲ್ಲಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಉಪಕರಣ ಬೇಡ, ಪೆನ್ನು ಸಾಕು.

ಬೇಡ ಅಂತ ಸುಮ್ನೆ ಬಿಡಬಹುದಾ?

ಕೆಲವರು ಮಾಡುತ್ತಿರುವುದು ಅದನ್ನೇ. ಸಾಫ್ಟ್‌ವೇರ್ ಹಾಕಿಸಿಕೊಳ್ಳದೆ 100ಕ್ಕೆ ಚಾರ್ಜ್ ಮಾಡಿಕೊಂಡು ಓಡಾಡುತ್ತಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ದಾರಿ ಮಾತ್ರ ನಾನು ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಇಲ್ಲದ ಕಾರಿನ ಮೇಲೆ ಯಾರ ಕಣ್ಣೂ ಇಲ್ಲ. ಅದು 100 ತುಂಬಿಕೊಂಡು ಮಕ್ಕಳು ಮಲಗುವ ಕೋಣೆಯ ಕೆಳಗೆ ನಿಂತಿರುತ್ತದೆ. ಒಮ್ಮೆ ಹಾಕಿಸಿಕೊಂಡ ಮೇಲೆ ತೆಗೆಸಿ ಹಳೆಯದಕ್ಕೆ ವಾಪಸ್ ಹೋಗಲು ಸರ್ವೀಸಿನವರನ್ನು ಕೇಳಿಯೂ ಉಪಯೋಗವಿಲ್ಲ.

ದುಡ್ಡಿನ ಮಾತು. 2023ರ ಕೊನೆಯಲ್ಲಿ, ಸಾಫ್ಟ್‌ವೇರ್ ಹಾಕಿಸಿಕೊಂಡ 2020–22ರ ಮಾಲೀಕರಿಗೆ ಕಂಪನಿ 1,400 ಡಾಲರ್ ಕೊಡಲು ಮುಂದಾಯಿತು. 2024ರಲ್ಲಿ ಮೊಕದ್ದಮೆ 15 ಕೋಟಿ ಡಾಲರಿಗೆ ರಾಜಿಯಾಯಿತು. ನೀವು ಆಮೇಲೆ ಕೊಂಡವರಾದರೆ ಆ ದುಡ್ಡು ಹಿಂದಿನ ಮಾಲೀಕರ ಜೇಬಿಗೆ ಹೋಗಿರುವ ಸಾಧ್ಯತೆಯೇ ಜಾಸ್ತಿ.

ಸರ್ವೀಸ್ ಕೌಂಟರಿನಲ್ಲಿ

"ರೇಂಜ್ ಕಡಿಮೆ ಆಗಿದೆ" ಅಂತ ಹೇಳಬೇಡಿ. ಆ ಮಾತು ಅವರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಹೀಗೆ ಹೇಳಿ: "ಸಾಫ್ಟ್‌ವೇರ್ ಹಾಕಿದ್ದು ಇಷ್ಟು ಮೈಲಿಗೆ, ಈಗ ಇಷ್ಟು. ಟಾರ್ಗೆಟ್ 100ರಲ್ಲಿದೆ, ಮನೆಯ 240ರಲ್ಲಿ ಮೂರು ರಾತ್ರಿ ಹಾಕಿದೆ, ಮೂರು ಸಲವೂ 80ಕ್ಕೆ ಮುಗಿಯಿತು ಅಂತ ತೋರಿಸಿತು. ಸಣ್ಣ ಬ್ಯಾಟರಿ 12.5 ಇದೆ. 80ರಿಂದ 30ಕ್ಕೆ ಇಷ್ಟು ಯೂನಿಟ್." ಫೋಟೋ ತೋರಿಸಿ. ನೀವು ಹೇಳಿದ್ದನ್ನು ಅವರ ಕಾಗದದಲ್ಲಿ ಹಾಗೆಯೇ ಬರೆಸಿ. "ಗ್ರಾಹಕರು ರೇಂಜ್ ಬಗ್ಗೆ ವಿಚಾರಿಸಿದರು" ಅಂತ ಬರೆದರೆ ಒಪ್ಪಬೇಡಿ. ಮುಂದೆ ವಾರಂಟಿ ಕೇಳುವಾಗ ಓದುವುದು ಆ ಸಾಲನ್ನು. ಎಲೆಕ್ಟ್ರಿಕ್ ಕೆಲಸ ಕಲಿತ ಮೆಕ್ಯಾನಿಕ್ ಯಾವ ದಿನ ಇರುತ್ತಾರೆ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಂಡು ಹೋಗಿ, ಎಲ್ಲ ಕಡೆ ಎಲ್ಲ ದಿನ ಇರುವುದಿಲ್ಲ.

100 ಆಯಿತು, ಈಗ ಬ್ರೇಕ್ ಸರಿಯಿಲ್ಲ!

ಗೀಟು ಸರಿಮಾಡಿ ಬಂದ ಮರುದಿನ ಬೆಳಿಗ್ಗೆ ಏಳೂವರೆಗೆ ಭಾಮೈದನ ಫೋನು. "ಭಾವ, ಆ್ಯಪ್‌ನಲ್ಲಿ 100 ತೋರಿಸ್ತಿದೆ!" ಅರ್ಧ ಗಂಟೆ ಬಿಟ್ಟು ಇನ್ನೊಂದು. ಈ ಸಲ ದನಿ ಬೇರೆ. "ಭಾವ, ಕಾಲು ತೆಗೆದರೆ ಕಾರು ನಿಧಾನ ಆಗ್ತಾನೇ ಇಲ್ಲ. ಬ್ರೇಕ್ ತುಳೀಬೇಕಾಯ್ತು. ಏನೋ ಕೆಟ್ಟೋಗಿದೆ."

ಕೆಟ್ಟಿರಲಿಲ್ಲ. ಅವನ 2021ರ ಬೋಲ್ಟ್‌ನಲ್ಲಿ ಎಲ್ ಗೇರಿಗೆ ಹಾಕಿದರೆ ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರೇ ಕಾರನ್ನು ಹಿಡಿದು ನಿಧಾನ ಮಾಡುತ್ತದೆ. ಆ ಶಕ್ತಿ ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಬ್ಯಾಟರಿ ಕಂಠಮಟ್ಟ ತುಂಬಿದ್ದರೆ ಅದು ಹೋಗುವುದೆಲ್ಲಿಗೆ? ಹಾಗಾಗಿ ಹಿಡಿತ ಸಡಿಲವಾಗುತ್ತದೆ. 80ರ ಮಿತಿಯಲ್ಲಿ ಆರು ತಿಂಗಳು ಓಡಿಸಿದವರಿಗೆ ಇದು ಗೊತ್ತೇ ಇರುವುದಿಲ್ಲ, ಯಾವಾಗಲೂ ಜಾಗ ಖಾಲಿ ಇರುತ್ತಿತ್ತು. ಬ್ಯಾಟರಿ ತಣ್ಣಗಿದ್ದಾಗಲೂ ಹೀಗೇ ಆಗುತ್ತದೆ. ಬ್ರೇಕ್ ಪೆಡಲ್ ತುಳಿದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆಡಲ್ ತುಳಿದರೂ ಹಿಡಿಯದಿದ್ದರೆ ಅದು ಬೇರೆಯೇ ಕಾಯಿಲೆ, ಕಾರು ಅಲ್ಲೇ ನಿಲ್ಲಿಸಬೇಕು.

ಅವನ ಮನೆ ಇರುವುದು ಬೆಟ್ಟದ ಬದಿಯಲ್ಲಿ. ಗೇಟು ದಾಟಿದರೆ ಶುರುವಿನ ಎರಡು ಮೈಲಿ ಪೂರಾ ಇಳಿಜಾರು. "ಹಂಗಾದ್ರೆ ಏನ್ ಮಾಡ್ಲಿ?" ಅಂದ. ದಿನಾ ಎಷ್ಟು ಓಡಿಸ್ತೀಯ ಅಂತ ಕೇಳಿದೆ. ಹೋಗಿ ಬರಲು 40 ಮೈಲಿ ಅಂದ. ಈಗ ಗೀಟು 85ರಲ್ಲಿದೆ.